ಹಳೆ ಡಿ7000 ಕೊಟ್ಟು 83ಎಕ್ಸ್ ಜೂಮ್ ತರುವ ಮುನ್ನ ಓದಿ

ಹಕ್ಕಿ ಫೋಟೊ ತೆಗೆಯುವವರಲ್ಲಿ ಪದೇ ಪದೇ ನಡೆಯುವ ಒಂದು ನಷ್ಟದ ವ್ಯಾಪಾರವಿದೆ. ಮನೆಯಲ್ಲಿ ನಿಕಾನ್ ಡಿ7000 ಎಂಬ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇರುತ್ತದೆ, ಜೊತೆಗೆ 70-300 ಮಿ.ಮೀ. ವಿಆರ್ (ಕೈ ನಡುಕ ತಡೆಯುವ) ಲೆನ್ಸ್. 300 ಸಾಲುತ್ತಿಲ್ಲ ಅನ್ನಿಸಿ ಅಂಗಡಿಗೆ ಹೋದರೆ 83ಎಕ್ಸ್ ಜೂಮಿನ ನಿಕಾನ್ ಕೂಲ್‌ಪಿಕ್ಸ್ ಪಿ900 ಕೈಗಿಡುತ್ತಾರೆ; ಇದು ಲೆನ್ಸ್ ಬಿಚ್ಚಲಾಗದ "ಬ್ರಿಜ್" ಕ್ಯಾಮೆರಾ. ರಸ್ತೆಯಾಚೆ ಕಟ್ಟಡದ ತುದಿಯಲ್ಲಿರುವ ನೀರಿನ ಟ್ಯಾಂಕಿನ ಮೇಲಿನ ಅಕ್ಷರ ಓದಿಸುತ್ತಾರೆ. ಅಲ್ಲಿಗೆ ಬಾಡಿ, ಲೆನ್ಸ್ ಎರಡೂ ಎಕ್ಸ್‌ಚೇಂಜ್‌ಗೆ ಹೋದವು. ಮುಂದಿನ ವಾರ ದಾಂಡೇಲಿಗೆ ಹೋಗಿ ಬಂದು ನೋಡಿದರೆ ಹಾರುವ ಮಂಗಟ್ಟೆಯ ಒಂದು ಚಿತ್ರವೂ ಚೂಪಾಗಿಲ್ಲ, ಕೊಂಬೆಯ ಮೇಲೆ ಕೂತವು ಬಣ್ಣ ಬಳಿದಂತೆ ಮೆತ್ತಗೆ ಬಂದಿವೆ. ವಾಪಸು ಕೊಡಲು ಹೋದರೆ "ಬಳಸಿದ ಕ್ಯಾಮೆರಾ ಆಯ್ತಲ್ಲ ಸರ್" ಎನ್ನುತ್ತಾರೆ. ಡಿ7000 ಅಷ್ಟರಲ್ಲಿ ಇನ್ಯಾರದೋ ಕೈ ಸೇರಿರುತ್ತದೆ.

ಆ ಟ್ಯಾಂಕಿನ ಪರೀಕ್ಷೆಯೇ ಮೋಸ. ಟ್ಯಾಂಕು ಅಲುಗಾಡುವುದಿಲ್ಲ, ಅದರ ಮೇಲೆ ನಡುಹಗಲ ಬಿಸಿಲಿದೆ, ಅಕ್ಷರಗಳ ಅಂಚು ಗಟ್ಟಿಯಾಗಿದೆ. ಬ್ರಿಜ್ ಕ್ಯಾಮೆರಾಕ್ಕೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ಅಂಗಡಿಯಲ್ಲಿ ನೋಡಲೇಬೇಕಾದ್ದು ಬೇರೆ: ಹೊರಗೆ ಬಂದು ಹಾರುತ್ತಿರುವ ಪಾರಿವಾಳವನ್ನೋ ಹದ್ದನ್ನೋ ಅರ್ಧ ಜೂಮಿನಲ್ಲಿ ಹಿಡಿದು ನೋಡಿ, ಆಮೇಲೆ ಅಂಗಡಿಯೊಳಗಿನ ಕತ್ತಲ ಮೂಲೆಯಲ್ಲಿರುವ ಕಪ್ಪು ಬ್ಯಾಗಿನ ಮೇಲೆ ಪೂರ್ತಿ ಜೂಮಿನಲ್ಲಿ ಫೋಕಸ್ ಮಾಡಿಸಿ. ಎರಡನೆಯದಕ್ಕೆ ಕನಿಷ್ಠ 5 ಮೀಟರ್ ದೂರ ಬೇಕು. ಪೂರ್ತಿ ಜೂಮಿನಲ್ಲಿ ಪಿ900 ಅದಕ್ಕಿಂತ ಹತ್ತಿರದ್ದನ್ನು ಫೋಕಸ್ ಮಾಡುವುದೇ ಇಲ್ಲ. 70-300 ವಿಆರ್ ಒಂದೂವರೆ ಮೀಟರಿಗೇ ಹಿಡಿಯುತ್ತದೆ.

ಹಾರುವ ಹಕ್ಕಿ ಕೈತಪ್ಪಲು ಕಾರಣ ಮೂರು. ಡಿ7000ರಲ್ಲಿ ಫೋಕಸ್‌ಗೆಂದೇ ಪ್ರತ್ಯೇಕ ಫೇಸ್ ಡಿಟೆಕ್ಟ್ ಸೆನ್ಸರ್ ಇದೆ, 39 ಬಿಂದುಗಳದ್ದು. ಲೆನ್ಸ್ ಯಾವ ಕಡೆಗೆ, ಎಷ್ಟು ತಿರುಗಬೇಕು ಎಂದು ಅದಕ್ಕೆ ಮೊದಲೇ ಗೊತ್ತಾಗುತ್ತದೆ. ಪಿ900 ಕಾಂಟ್ರಾಸ್ಟ್ ನೋಡಿ ಹುಡುಕುತ್ತದೆ: ಮುಂದೆ ಹೋಗಿ, ಚಿತ್ರ ಮಂಕಾದದ್ದು ಕಂಡು, ಹಿಂದೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಮಂಗಟ್ಟೆ ಮರದಾಚೆ ಹೋಗಿರುತ್ತದೆ. ಎರಡನೆಯದು ಕಣ್ಣುಕಿಂಡಿ. ಡಿ7000ರಲ್ಲಿ ಕನ್ನಡಿಯ ಮೂಲಕ ನೇರ ಹಕ್ಕಿಯನ್ನೇ ನೋಡುತ್ತೀರಿ, ಪಿ900ರಲ್ಲಿ 0.2 ಇಂಚಿನ ಪುಟ್ಟ ಪರದೆಯನ್ನು, ಅದೂ ತುಸು ತಡವಾಗಿ. ಮೂರನೆಯದನ್ನು ಜಾಹೀರಾತಿನಲ್ಲಿ ಅರ್ಧವೇ ಹೇಳುತ್ತಾರೆ. ಸೆಕೆಂಡಿಗೆ 7 ಫ್ರೇಮ್ ಎಂಬುದು ನಿಜ, ಆದರೆ 7 ಫ್ರೇಮ್ ಆದಮೇಲೆ ಕಾರ್ಡಿಗೆ ಬರೆದು ಮುಗಿಯುವವರೆಗೆ ಕ್ಯಾಮೆರಾ ಕೈಕಟ್ಟಿ ಕೂರುತ್ತದೆ.

ಇನ್ನು ಚಿತ್ರದ ಗುಣಮಟ್ಟ. ಇಲ್ಲಿ ಹೋಲಿಸುವವರು ಹೆಚ್ಚಾಗಿ ಸೆನ್ಸರ್ ಗಾತ್ರ ಹೇಳಿ ಮಾತು ಮುಗಿಸುತ್ತಾರೆ. ಪಿ900ರ 1/2.3 ಇಂಚಿನ ಸೆನ್ಸರ್ ಸುಮಾರು 28 ಚದರ ಮಿ.ಮೀ., ಡಿ7000ರದ್ದು ಸುಮಾರು 370, ಅಂದರೆ 13 ಪಟ್ಟು ದೊಡ್ಡದು. ಲೆಕ್ಕ ಸರಿ, ಅದರಿಂದ ಹೊರಡಿಸುವ ತೀರ್ಮಾನ ಅರ್ಧ ಸರಿ. ದೂರದ ಹಕ್ಕಿಯಿಂದ ಎಷ್ಟು ಬೆಳಕು ಒಳಬರುತ್ತದೆ ಎಂಬುದನ್ನು ನಿರ್ಧರಿಸುವುದು ಲೆನ್ಸಿನ ತೆರಪಿನ (ಅಪರ್ಚರ್) ಅಗಲ. ಪಿ900ರ ಜೂಮ್ 2000 ಮಿ.ಮೀ. ಎಂದು ಬರೆದಿದ್ದರೂ (ಅದು 35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿದ ಲೆಕ್ಕ) ಲೆನ್ಸಿನ ನಿಜವಾದ ನಾಭಿದೂರ 357 ಮಿ.ಮೀ. ಅದನ್ನು ಅಲ್ಲಿನ ಎಫ್ ಸಂಖ್ಯೆ 6.5ರಿಂದ ಭಾಗಿಸಿದರೆ ತೆರಪು 55 ಮಿ.ಮೀ. ಇತ್ತ 70-300 ಲೆನ್ಸಿನ 300ನ್ನು ಅದರ ಎಫ್ ಸಂಖ್ಯೆ 5.6ರಿಂದ ಭಾಗಿಸಿದರೆ 54. ಎರಡೂ ಹೆಚ್ಚುಕಡಿಮೆ ಒಂದೇ! ಹಾಗಾಗಿ ಕೆರೆಯ ಆಚೆ ದಡದಲ್ಲಿ ಸುಮ್ಮನೆ ಕೂತ ಹಕ್ಕಿಗೆ ಪಿ900 ಸೋಲುವುದಿಲ್ಲ. 300ರ ಚಿತ್ರವನ್ನು ಕತ್ತರಿಸಿ ಅಷ್ಟೇ ದೊಡ್ಡದು ಮಾಡಿದರೆ ಹಲವು ಸಲ ಪಿ900ರಲ್ಲೇ ಗರಿಯ ವಿವರ ಹೆಚ್ಚು ಕಾಣುತ್ತದೆ.

ಪೆಟ್ಟು ಬೀಳುವುದು ಹಕ್ಕಿ ಹತ್ತಿರವಿದ್ದಾಗ. ರಂಗನತಿಟ್ಟಿನ ದೋಣಿಯಿಂದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ತೆಗೆಯಲು 300 ಮಿ.ಮೀ. ಧಾರಾಳ, ಅಂದರೆ ಆ ಫಿಲ್ಮ್ ಲೆಕ್ಕದಲ್ಲಿ 450. ಪಿ900ನ್ನು ಅದೇ 450ಕ್ಕೆ ತಂದಾಗ ಅದರ ನಿಜವಾದ ನಾಭಿದೂರ 80 ಮಿ.ಮೀ. ಮಾತ್ರ, ತೆರಪು ಸುಮಾರು 16. ಡಿಎಸ್ಎಲ್ಆರ್‌ಗೆ ಅಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಸಿಗುತ್ತದೆ. ಹಿನ್ನೆಲೆಯ ಕಡ್ಡಿ-ಎಲೆಗಳು ಕರಗಿ ಹಕ್ಕಿ ಎದ್ದು ಕಾಣುವುದೂ ಆ ತೆರಪಿನಿಂದಲೇ. ಜೊತೆಗೆ ಪಿ900ರಲ್ಲಿ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್) ಇಲ್ಲ. ಬಿಸಿಲಿಗೆ ಬೆಳ್ಳಕ್ಕಿಯ ಬಿಳುಪು ಒಮ್ಮೆ ಸುಟ್ಟರೆ ಜೆಪೆಗ್‌ನಿಂದ ವಾಪಸು ತೆಗೆಯಲಾಗದು. ರಾ ಬೇಕೇಬೇಕು, ಜೂಮೂ ಬೇಕು ಎನ್ನುವವರು 2020ರ ಪಿ950 ಅಥವಾ 2018ರ ಪಿ1000 ನೋಡಬೇಕು. ಪಿ1000ದ ತೂಕ 1.4 ಕಿಲೊ ಎಂಬುದು ನೆನಪಿರಲಿ. ಡಿ7000, 70-300 ಎರಡೂ ಸೇರಿದರೆ ಒಂದೂವರೆ. ತೂಕ ಉಳಿಯುತ್ತದೆಂಬ ವಾದ ಅಲ್ಲಿಗೆ ಮುಗಿಯಿತು.

ದಟ್ಟ ಕಾಡಿನ ಮುಂಜಾನೆ ಎರಡಕ್ಕೂ ಕಷ್ಟ. ಪಿ900 ಪೂರ್ತಿ ಜೂಮಿನಲ್ಲಿ ಐಎಸ್ಓ (ಬೆಳಕಿನ ಸಂವೇದನೆ) 1600 ಇಟ್ಟರೂ ಶಟರ್ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಕೈ ನಡುಕವನ್ನು ವಿಆರ್ ತಡೆಯುತ್ತದೆ, ಹಕ್ಕಿ ಕತ್ತು ತಿರುಗಿಸುವುದನ್ನು ತಡೆಯುವುದಿಲ್ಲ. ಕೂತ ಹಕ್ಕಿಯ ಚಿತ್ರ ಮೆತ್ತಗಾಗುವುದು ಇದರಿಂದ, ಮತ್ತು ಮಂದ ಬೆಳಕಿನಲ್ಲಿ ಚಿತ್ರದ ಮೇಲೆ ಮೂಡುವ ಕಾಳು (ನಾಯ್ಸ್) ಅಳಿಸಲು ಹೋಗಿ ಕ್ಯಾಮೆರಾ ಗರಿಯನ್ನೂ ಅಳಿಸುವುದರಿಂದ.

ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳಂಥ ವಿಷಯಕ್ಕೆ ಬ್ರಿಜ್ ಕ್ಯಾಮೆರಾ ನಿಜಕ್ಕೂ ಒಳ್ಳೆಯದು. ಹಿಂಡು ದೂರದಲ್ಲಿರುತ್ತದೆ, ಬೆಳಕು ಬಯಲಿನದು. ಆದರೆ ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯತೊಡಗುತ್ತದೆ. ಆಮೇಲೆ 2000 ಮಿ.ಮೀ. ಇದ್ದರೂ ದೊಡ್ಡದಾಗುವುದು ಆ ಅಲೆಯಾಟವೇ. ಇದಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ, ಬೆಳಗ್ಗೆ ಬೇಗ ಹೋಗುವುದೊಂದೇ ದಾರಿ.

ಇಷ್ಟು ಓದಿ "ಹಾಗಾದರೆ ಹಳೆ ಡಿಎಸ್ಎಲ್ಆರ್ ಕೊಳ್ಳುತ್ತೇನೆ" ಎಂದು ಹೊರಟವರಿಗೆ ಇನ್ನೂ ಕೆಟ್ಟ ಗುಂಡಿ ಕಾದಿದೆ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ "ಬಾಡಿ ಜೊತೆ 70-300" ಎಂದಷ್ಟೇ ಬರೆದಿರುತ್ತದೆ. ನಿಕಾನ್‌ನ 70-300ಗಳು ಹಲವು. ಎಎಫ್ 70-300 ಎಫ್/4-5.6 ಜಿ ಎಂಬ ಅಗ್ಗದ ಲೆನ್ಸಿನಲ್ಲಿ ವಿಆರ್ ಇಲ್ಲ, ಮೋಟರೂ ಇಲ್ಲ. ನಿಕಾನ್‌ನ ಡಿ90, ಡಿ7000 ಬಾಡಿಯಲ್ಲಿ ಮೋಟರ್ ಇರುವುದರಿಂದ ಅಲ್ಲಿ ನಡೆಯುತ್ತದೆ. ಡಿ3100, ಡಿ3200, ಡಿ5100, ಡಿ5300ರಲ್ಲಿ ಆಟೋಫೋಕಸ್ ಆಗುವುದೇ ಇಲ್ಲ, ಕೈಯಿಂದಲೇ ತಿರುಗಿಸಬೇಕು. ಎಎಫ್-ಪಿ ಎಂಬ ಹೊಸ ಬಗೆಯದು ಇದಕ್ಕೆ ತದ್ವಿರುದ್ಧ: ಡಿ90, ಡಿ3100, ಡಿ7000ದಂಥ ಹಳೆ ಬಾಡಿಗಳಲ್ಲಿ ಅದು ಫೋಕಸ್ ಆಗದು. ಮುಂದೆ ನಿಕಾನ್‌ನ 200-500 ಲೆನ್ಸ್ ಕೊಳ್ಳುವ ಆಸೆ ಇದ್ದವರು ಡಿ90 ತರಬೇಡಿ. ಆ ಲೆನ್ಸಿನ ವಿದ್ಯುತ್ ಅಪರ್ಚರನ್ನು ನಡೆಸುವುದು ಅದಕ್ಕೆ ಬಾರದು, ಡಿ7000ಕ್ಕೆ ಬರುತ್ತದೆ.

ಕ್ಯಾನನ್ ಕಡೆ ಬಲೆ 75-300. ಕ್ಯಾನನ್‌ನ ಯಾವ ಡಿಎಸ್ಎಲ್ಆರ್ ಬಾಡಿಗೂ ಕೂರುತ್ತದೆ, ಫೋಕಸೂ ಆಗುತ್ತದೆ, ಆದರೆ ಸಾಮಾನ್ಯವಾಗಿ ಸಿಗುವುದರಲ್ಲಿ ಐಎಸ್ (ಕ್ಯಾನನ್‌ನ ನಡುಕ ತಡೆ) ಇಲ್ಲ. 300ಕ್ಕೆ ಎಳೆದರೆ ಕೈಯಲ್ಲಿ ಹಿಡಿದು ಸೆಕೆಂಡಿನ 1/500ಕ್ಕಿಂತ ನಿಧಾನದ ಶಟರಿನಲ್ಲಿ ತೆಗೆದದ್ದು ಹೆಚ್ಚಾಗಿ ಅಲುಗಿರುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ 55-250 ಐಎಸ್ ಎಸ್‌ಟಿಎಂ ಹುಡುಕಿ. ಲೆನ್ಸಿನ ಮುಂಭಾಗದಲ್ಲಿ ಬರೆದ ಪೂರ್ತಿ ಹೆಸರಿನ ಫೋಟೊ ಕೇಳಿ ತರಿಸಿಕೊಳ್ಳದೆ ಮುಂಗಡ ಕೊಡಬೇಡಿ.

ಶಟರ್ ಕೌಂಟ್ (ಬಾಡಿ ಈವರೆಗೆ ಎಷ್ಟು ಫೋಟೊ ತೆಗೆದಿದೆ ಎಂಬ ಲೆಕ್ಕ) ಬಗ್ಗೆ ಹಸಿ ಸುಳ್ಳು ಹೇಳುವವರೇ ಹೆಚ್ಚು. ನಿಕಾನ್ ಆದರೆ ಅವರೆದುರೇ ಒಂದು ಜೆಪೆಗ್ ತೆಗೆದು, ಕಾರ್ಡಿನಿಂದ ನೇರ ಲ್ಯಾಪ್‌ಟಾಪಿಗೆ ಹಾಕಿ, ಫೋಟೊದೊಳಗಿನ ಮಾಹಿತಿ ಓದುವ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್‌ನಲ್ಲಿ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ಆ ಮಾಹಿತಿ ಅಳಿಸಿಹೋಗಿರುತ್ತದೆ. ಫೈಲ್ ಹೆಸರಿನ ಅಂಕಿ ನಂಬಬೇಡಿ, ಅದು 9999 ದಾಟಿದ ಮೇಲೆ ಮೊದಲಿನಿಂದ ಶುರುವಾಗುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳ ಫೋಟೊದಲ್ಲಿ ಈ ಲೆಕ್ಕ ಇರುವುದಿಲ್ಲ, ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರ್‌ನಿಂದ ಓದಬೇಕು. ಡಿ90ರ ಶಟರನ್ನು 1 ಲಕ್ಷ, ಡಿ7000ದ್ದನ್ನು 1.5 ಲಕ್ಷ ಬಾರಿಗೆ ಪರೀಕ್ಷಿಸಿದ್ದಾರೆ. ಮದುವೆ ಫೋಟೊಗ್ರಾಫರ್ ಬಳಸಿದ ಬಾಡಿ ಇದನ್ನು ದಾಟಿರುವುದು ಅಪರೂಪವಲ್ಲ. ಹಿಡಿಕೆಯ ರಬ್ಬರ್ ಉಬ್ಬಿ ಬಿಟ್ಟಿದ್ದರೆ ಎಷ್ಟು ದುಡಿದಿದೆ ಎಂದು ಕೇಳುವುದೇ ಬೇಡ.

ಅಲ್ಲೇ ಇನ್ನೆರಡು ನೋಡಿ. ಎಫ್/16ಕ್ಕೆ ಇಟ್ಟು, ಬಿಳಿ ಗೋಡೆಯನ್ನು ಫೋಕಸ್ ಕೆಡಿಸಿ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಒರೆಸಿದರೆ ಹೋಗುವಂಥದ್ದಾದರೆ ಚಿಂತೆಯಿಲ್ಲ. ಸ್ಕೇಲ್ ಒಂದನ್ನು 45 ಡಿಗ್ರಿ ಓರೆಯಾಗಿಟ್ಟು, ಅಪರ್ಚರ್ ಪೂರ್ತಿ ತೆರೆದು, ನಡುಗೆರೆಗೆ ಫೋಕಸ್ ಮಾಡಿ. ಚೂಪಾದ ಗೆರೆ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಡಿ7000ದ ಎಎಫ್ ಫೈನ್ ಟ್ಯೂನ್‌ನಲ್ಲಿ ತಿದ್ದಬಹುದು. ಡಿ90ರಲ್ಲಿ ಆ ಸೌಲಭ್ಯವಿಲ್ಲ.

ಮಲೆನಾಡು, ಕರಾವಳಿಯಿಂದ ಬಂದ ಮಾಲಿಗೆ ಟಾರ್ಚ್ ಪರೀಕ್ಷೆ ಕಡ್ಡಾಯ. ಹಿಂಬದಿಯಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿದಾಗ ಬೇರಿನಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ಡಿಎಸ್ಎಲ್ಆರ್ ಆದರೆ ಆ ಲೆನ್ಸ್ ಬಿಟ್ಟು ಬಾಡಿ ಮಾತ್ರ ಕೊಳ್ಳಬಹುದು. ಬ್ರಿಜ್ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಲು ಬರುವುದಿಲ್ಲ, ಹಿಂಬದಿಯಿಂದ ಟಾರ್ಚ್ ಬಿಡಲೂ ಆಗದು. ಅದರ ಉದ್ದನೆ ಲೆನ್ಸ್ ಚಾಚಿ ಮುದುರುವಾಗಲೆಲ್ಲ ಗಾಳಿಯ ಜೊತೆ ಧೂಳನ್ನೂ ಒಳಗೆಳೆಯುತ್ತದೆ. ಒಳಗೆ ಕೂತ ಧೂಳು, ಫಂಗಸ್ ತೆಗೆಸಲು ಪೂರ್ತಿ ಬಿಚ್ಚಬೇಕು, ಲೆನ್ಸ್ ಯೂನಿಟ್ಟೇ ಬದಲಿಸಬೇಕೆಂದರೆ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮುಟ್ಟಬಹುದು. ಹಾಗಾಗಿ ಹಳೆ ಪಿ900 ಕೊಳ್ಳುವಾಗ ನೀಲಿ ಆಕಾಶವನ್ನು ಪೂರ್ತಿ ಜೂಮಿನಲ್ಲಿ ತೆಗೆದು ಮಸುಕು ಕಲೆಗಳಿವೆಯೇ ನೋಡಿ. ಜೂಮನ್ನು ಏಳೆಂಟು ಬಾರಿ ಹೊರಗೆ-ಒಳಗೆ ಓಡಿಸಿ, ತಡವರಿಸುವ ಸದ್ದು ಬಂದರೆ ಬಿಟ್ಟುಬಿಡಿ.

ಈಗಾಗಲೇ ವ್ಯಾಪಾರ ಮುಗಿಸಿದವರು ಪಿ900ನ್ನು ಹೀಗೆ ದುಡಿಸಿಕೊಳ್ಳಿ: ಅಪರ್ಚರ್ ಮೋಡ್‌ನಲ್ಲಿ ಪೂರ್ತಿ ತೆರೆದಿಡಿ, ಐಎಸ್ಓ 800 ಮೀರಲು ಬಿಡಬೇಡಿ, ಫೋಕಸ್ ಬಿಂದುವನ್ನು ನಡುವಿನ ಚಿಕ್ಕದಕ್ಕೆ ನಿಲ್ಲಿಸಿ, ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ 0.7 ಇಳಿಸಿ. ಡಿಜಿಟಲ್ ಜೂಮ್ ಆಫ್ ಮಾಡಿ. ಹಕ್ಕಿ ಚೌಕಟ್ಟಿನಿಂದ ತಪ್ಪಿಹೋದಾಗ ಲೆನ್ಸಿನ ಎಡಬದಿಯ ಸ್ನ್ಯಾಪ್‌ಬ್ಯಾಕ್ ಗುಂಡಿ ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿದು ಸುತ್ತಲ ನೋಟ ಕಾಣುತ್ತದೆ, ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಒಂದು ಬ್ಯಾಟರಿಗೆ 360 ಚಿತ್ರದ ಲೆಕ್ಕ ಕಂಪನಿಯೇ ಕೊಟ್ಟದ್ದು, ಡಿ7000ದ್ದು 1050. ಇಡೀ ದಿನದ ಓಡಾಟಕ್ಕೆ ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ. ಮಳೆಗಾಲದಲ್ಲಿ ಚರ್ಮದ ಕೇಸಿನೊಳಗೆ ಇಡಬೇಡಿ. ಬಿಗಿಯಾಗಿ ಮುಚ್ಚುವ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವಾಂಶ ಮಾಪಕ ಇಟ್ಟು 40ರಿಂದ 50 ಪ್ರತಿಶತದಲ್ಲಿ ನಿಲ್ಲಿಸಿ. ಜೆಲ್ ಬಣ್ಣ ಬದಲಾದ ಕೂಡಲೇ ಹುರಿದು ಒಣಗಿಸಿ ವಾಪಸು ಹಾಕಿ.