ಧಾನ್ಯ ಮಾರಾಟದ ಸೆಸ್ ಲೆಕ್ಕ: ಕೃಷಿ ತಂತ್ರಾಂಶವನ್ನು ಐದು ಹಂಗಾಮು ಬಳಸಿದ ಮೇಲೆ

ಅಂಕ: 5ಕ್ಕೆ 3.5. ಗುಣಾಕಾರದಲ್ಲಿ ಇದು ಒಮ್ಮೆಯೂ ತಪ್ಪಿಲ್ಲ. ಆದರೆ ಯಾವ ಮೊತ್ತವನ್ನು ಗುಣಿಸಬೇಕು ಅನ್ನುವುದನ್ನು ನಾವೇ ಹೇಳಿಕೊಡದಿದ್ದರೆ ತನಗೆ ಸಿಕ್ಕಿದ್ದನ್ನು ಗುಣಿಸಿ ಕೂರುತ್ತದೆ. ಒಂದೂವರೆ ಅಂಕ ಕಳೆದಿರುವುದು ಅದಕ್ಕೇ. ಹೆಸರು ಬರೆದಿಲ್ಲ, ಇದೇ ಅಚ್ಚಿನ ಬೇರೆ ತಂತ್ರಾಂಶಗಳಿಗೂ ಕೆಳಗಿನ ಮಾತು ಬಹುಪಾಲು ಹೊಂದುತ್ತದೆ.

ಈ ಸೆಸ್ಸಿಗೆ ಲೆವಿ ಎಂದೂ ಹೇಳುತ್ತಾರೆ. ಲೆವಿ ಎಂದರೆ ಹಳಬರಿಗೆ ಸರ್ಕಾರಕ್ಕೆ ಅಳೆದು ಕೊಡುತ್ತಿದ್ದ ಕಾಳಿನ ನೆನಪಾಗುತ್ತದೆ. ಇದು ಅದಲ್ಲ. ಮಾರಿದ ಧಾನ್ಯದ ಮೇಲೆ ಸಂಶೋಧನೆ, ರೋಗ ನಿಯಂತ್ರಣ, ಪ್ರಚಾರ ಇಂಥ ಕೆಲಸಗಳಿಗೆಂದು ಮುರಿದುಕೊಳ್ಳುವ ಸೆಸ್. ಅದರಲ್ಲಿ ಎರಡು ಬಗೆ: ಬೆಲೆಯ ಮೇಲೆ ಶೇಕಡಾವಾರು, ಇಲ್ಲವೇ ತೂಕದ ಮೇಲೆ ಟನ್ನಿಗೆ ಇಷ್ಟು. ಆಸ್ಟ್ರೇಲಿಯಾದಲ್ಲಿ ಗೋಧಿಗೆ ಮೌಲ್ಯದ ಶೇ 1.02 ಎಂಬ ದರ ಚಾಲ್ತಿಗೆ ಬಂದಿದೆ, ಮೆಕ್ಕೆಜೋಳಕ್ಕೆ ಶೇ 0.72. ಅಮೆರಿಕದ ಸೋಯಾ ಸೆಸ್ ನಿವ್ವಳ ಮಾರುಕಟ್ಟೆ ಬೆಲೆಯ ಶೇ 0.5. ಬ್ರಿಟನ್‌ನಲ್ಲಿ ಟನ್ನಿನ ಲೆಕ್ಕ, ಬೆಳೆಗಾರನಿಗೊಂದು ದರ, ಖರೀದಿದಾರನಿಗೆ ಇನ್ನೊಂದು. ತಂತ್ರಾಂಶ ಎರಡೂ ಬಗೆಯನ್ನು ಹಿಡಿಯುತ್ತದೆ, ಒಂದೇ ಬಿಲ್ಲಿನಲ್ಲಿ ಎರಡನ್ನೂ ಹಾಕಬಹುದು.

ಹೊಸ ಸೆಸ್ ಕೋಡ್ ಸೇರಿಸುವಾಗ ಐದು ಅಂಕಣ ತುಂಬಬೇಕು: ಬೆಳೆ, ದರ, ದರದ ಬಗೆ, ಆಧಾರ, ಜಾರಿ ದಿನಾಂಕ. ಎಡವಟ್ಟು ಇರುವುದು ನಾಲ್ಕನೆಯದರಲ್ಲಿ. ‘ಆಧಾರ’ದಲ್ಲಿ ಮೊದಲೇ ಕೂತಿರುವ ಆಯ್ಕೆ ‘ಬಿಲ್ ಒಟ್ಟು’. ಅದನ್ನು ಮುಟ್ಟದೆ ಮುಂದೆ ಹೋದರೆ ಏನಾಗುತ್ತದೆ ನೋಡಿ. 40 ಟನ್ ಗೋಧಿ, ಟನ್ನಿಗೆ 300, ಒಟ್ಟು 12,000. ಗುಣಮಟ್ಟದ ಕಡಿತ ಟನ್ನಿಗೆ 5, ಅಂದರೆ 200. ಲಾರಿ ಬಾಡಿಗೆ ಟನ್ನಿಗೆ 22, ಅಂದರೆ 880. ಮಾರಾಟ ತೆರಿಗೆ ಶೇ 10 ಅಂದುಕೊಳ್ಳಿ. ಸೆಸ್ ದರ ಶೇ 1.02. ತೆರಿಗೆ ಸೇರಿದ 13,200ರ ಮೇಲೆ ಹಾಕಿದರೆ ಸೆಸ್ 134.64. ತೆರಿಗೆ ಬಿಟ್ಟು 12,000ರ ಮೇಲೆ 122.40. ಗುಣಮಟ್ಟದ ಕಡಿತ ಕಳೆದ 11,800ರ ಮೇಲೆ 120.36. ಬಾಡಿಗೆಯನ್ನೂ ಕಳೆದು ಹೊಲದ ಬಾಗಿಲ ಬೆಲೆ 10,920ರ ಮೇಲೆ 111.38. ದರ ಒಂದೇ, ಕಾಳು ಅದೇ, ಉತ್ತರ ನಾಲ್ಕು. ಮೇಲಿನದಕ್ಕೂ ಕೆಳಗಿನದಕ್ಕೂ 23.26 ಅಂತರ, ಅದೂ ಒಂದೇ ಲೋಡಿಗೆ.

ಯಾವುದು ಸರಿ ಅನ್ನುವುದು ತಂತ್ರಾಂಶದ ಇಷ್ಟಕ್ಕೆ ಬಿಟ್ಟದ್ದಲ್ಲ, ಆಯಾ ಸೆಸ್ಸಿನ ನಿಯಮ ಹೇಳಬೇಕು. ಅಮೆರಿಕದ ಸೋಯಾ ಸೆಸ್ಸಿನಲ್ಲಿ ‘ನಿವ್ವಳ ಬೆಲೆ’ ಎಂದರೆ ಗುಣಮಟ್ಟದ ಹೆಚ್ಚುವರಿ, ಕಡಿತಗಳನ್ನು ಸರಿಹೊಂದಿಸಿದ ಬೆಲೆ. ‘ನಿವ್ವಳ’ ಎಂಬ ಪದ ಕಂಡ ಕೂಡಲೇ ಬಾಡಿಗೆಯನ್ನೂ ಕಳೆದುಬಿಡುವವರು ಇದನ್ನು ಗಮನಿಸಬೇಕು. ಆಧಾರವನ್ನು ‘ಆಯ್ದ ಸಾಲುಗಳು’ ಎಂದು ಬದಲಿಸಿದರೆ ಯಾವ ಸಾಲು ಸೇರಬೇಕು, ಯಾವುದು ಬೇಡ ಎಂದು ಟಿಕ್ ಹಾಕುವ ಪಟ್ಟಿ ತೆರೆಯುತ್ತದೆ. ಈ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ. ಅದನ್ನು ಮೂರು ಕ್ಲಿಕ್ ಆಳದಲ್ಲಿ ಬಚ್ಚಿಟ್ಟದ್ದೇಕೋ ಗೊತ್ತಿಲ್ಲ. ಇನ್ನೊಂದು ಮಾತು: ಬಿಲ್ಲಿನಲ್ಲಿ ಬಾಡಿಗೆ ಸಾಲನ್ನು ಸೆಸ್ ಸಾಲಿನ ಕೆಳಗೆ ಸೇರಿಸಿದರೆ ಟಿಕ್ ಇದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಹಾಗಾಗಿ ಸೆಸ್ ಯಾವಾಗಲೂ ಕಡೆಯ ಸಾಲಾಗಿರಲಿ.

ಖರೀದಿದಾರರ ಪಟ್ಟಿಗೂ ನಮ್ಮ ಪುಸ್ತಕಕ್ಕೂ ಒಂದು ಪೈಸೆ ತಾಳೆಯಾಗದೆ ತಲೆ ತಿನ್ನುವುದು ಬೇರೆಯೇ ಕಾರಣಕ್ಕೆ. ಶೇ 1.02 ಅನ್ನುವುದು ಒಂದೇ ಬಾಬತ್ತಲ್ಲ. ಸಂಶೋಧನೆಗೆ 0.99, ಉಳಿದ ಬಾಬತ್ತುಗಳಿಗೆ 0.03. ಒಟ್ಟಿಗೆ ಗುಣಿಸಿದರೆ 10,920ಕ್ಕೆ 111.384, ದುಂಡಾಗಿಸಿದರೆ 111.38. ಬೇರೆ ಬೇರೆ ಗುಣಿಸಿದರೆ 108.108 ಮತ್ತು 3.276, ಇವು 108.11 ಮತ್ತು 3.28 ಆಗಿ ಕೂಡಿದಾಗ 111.39. ತಪ್ಪು ಯಾರದೂ ಅಲ್ಲ, ದುಂಡಾಗಿಸಿದ ಹಂತ ಬೇರೆ ಅಷ್ಟೆ. ಲೋಡಿಗೊಮ್ಮೆ ದುಂಡಾಗಿಸುವುದೋ ಬಿಲ್ಲಿಗೊಮ್ಮೆಯೋ ಅನ್ನುವುದೂ ಇದೇ ಜಾತಿಯ ತಕರಾರು. 30 ಲೋಡಿನ ಬಿಲ್ಲಿನಲ್ಲಿ ಹೆಚ್ಚೆಂದರೆ 15 ಪೈಸೆಯಷ್ಟು ಅಂತರ ಬರಬಹುದು. ಖರೀದಿದಾರರು ಹೇಗೆ ಮಾಡುತ್ತಾರೋ ಹಾಗೇ ಇಲ್ಲಿಯೂ ಹೊಂದಿಸಿ. ಪ್ರತಿ ಬಿಲ್ಲಿಗೂ ಕೈಯಿಂದ ತಿದ್ದುಪಡಿ ಸಾಲು ಹಾಕುತ್ತ ಹೋದರೆ ವರ್ಷದ ಕೊನೆಗೆ ಅದೇ ಒಂದು ಖಾತೆಯಾಗಿ ಬೆಳೆದಿರುತ್ತದೆ.

ಟನ್ನಿನ ಲೆಕ್ಕದ ಸೆಸ್ಸಿಗೆ ತೂಕವೇ ಎಲ್ಲ. ಯಾವ ತೂಕ? ತಂತ್ರಾಂಶ ತೂಕದ ಚೀಟಿಯ ಅಂಕಿಯನ್ನು ಎತ್ತಿಕೊಳ್ಳುತ್ತದೆ, ಹಣ ಸಿಗುವುದು ತೇವಾಂಶ ಕಳೆದ ತೂಕಕ್ಕೆ. 24.60 ಟನ್ ಕಾಳು ಶೇ 14.5 ತೇವದಲ್ಲಿದ್ದು ಶೇ 12ಕ್ಕೆ ಇಳಿಸಿ ಕೊಂಡರೆ, 24.60ನ್ನು 85.5ರಿಂದ ಗುಣಿಸಿ 88ರಿಂದ ಭಾಗಿಸಬೇಕು: 23.90 ಟನ್. ಏಳು ಕ್ವಿಂಟಾಲ್ ನೀರಿಗೆ ಸೆಸ್ ಕಟ್ಟುವುದು ತಪ್ಪಬೇಕಾದರೆ ‘ತೂಕದ ಮೂಲ’ ಅಂಕಣದಲ್ಲಿ ‘ಪಾವತಿ ತೂಕ’ ಆರಿಸಿ. 14.5ರಿಂದ 12 ಕಳೆದು ಶೇ 2.5 ಎಂದು ನೇರವಾಗಿ ಮುರಿಯುವ ಕೆಲವರ ರೂಢಿ ಕಡಿಮೆ ಹಿಡಿಯುತ್ತದೆ, ನಿಜವಾದ ಇಳಿಕೆ ಶೇ 2.84. ಬುಶೆಲ್ (ಕಾಳು ಅಳೆಯುವ ಒಂದು ಮಾಪು, ಅದರ ತೂಕ ಬೆಳೆಯಿಂದ ಬೆಳೆಗೆ ಬೇರೆ) ಲೆಕ್ಕ ಇರುವಲ್ಲಿ ಮತ್ತೊಂದು ಹಳ್ಳ. ಒಂದು ಟನ್ನಿಗೆ ಗೋಧಿ 36.74 ಬುಶೆಲ್, ಮೆಕ್ಕೆಜೋಳ 39.37, ಬಾರ್ಲಿ 45.93. ತಂತ್ರಾಂಶದೊಳಗೆ ಪರಿವರ್ತನೆ ಬೆಳೆಗೊಂದರಂತೆ ಇದೆ. ಆದರೆ ಹೊಸ ಬೆಳೆಯನ್ನು ಹಳೆಯದರ ನಕಲಿನಿಂದ ಸೃಷ್ಟಿಸಿದರೆ ಹಳೆಯ ಅಂಕಿಯೇ ಅಂಟಿಕೊಂಡು ಬರುತ್ತದೆ.

ಅತ್ಯಂತ ಅಪಾಯದ ದೋಷ ದಿನಾಂಕದ್ದು. ದರ ಬದಲಾದಾಗ ಕೋಡ್ ತೆರೆದು ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆಯುವುದು ಸಹಜ. ಹಾಗೆ ಮಾಡಬೇಡಿ. ಆಮೇಲೆ ಯಾರಾದರೂ ಹಳೆಯ ಬಿಲ್ಲನ್ನು ತೆರೆದು, ಒಂದು ಷರಾ ತಿದ್ದಿ, ಸೇವ್ ಒತ್ತಿದರೆ ಸಾಕು: ಇಡೀ ಬಿಲ್ಲು ಹೊಸ ದರಕ್ಕೆ ಸದ್ದಿಲ್ಲದೆ ಮರುಲೆಕ್ಕವಾಗುತ್ತದೆ, ಬ್ಯಾಂಕಿನೊಂದಿಗೆ ತಾಳೆಯಾಗಿದ್ದದ್ದು ತಪ್ಪುತ್ತದೆ. ಸರಿಯಾದ ಕ್ರಮ ಹೀಗೆ: ಹಳೆಯ ದರಕ್ಕೆ ಮುಕ್ತಾಯ ದಿನಾಂಕ ಕೊಡಿ, ಮಾರನೇ ದಿನದಿಂದ ಹೊಸ ಸಾಲು ಸೇರಿಸಿ, ತಾಳೆ ಮುಗಿದ ತಿಂಗಳಿಗೆ ಬೀಗ ಹಾಕಿ. ದರ ಯಾವ ದಿನಕ್ಕೆ ಅನ್ವಯ, ಕಾಳು ಕೊಟ್ಟ ದಿನಕ್ಕೋ ಹಣ ಬಂದ ದಿನಕ್ಕೋ ಅನ್ನುವುದನ್ನೂ ನಿಯಮ ನೋಡಿ ಆರಿಸಬೇಕು. ಹಲವರ ಕಾಳನ್ನು ಒಟ್ಟುಗೂಡಿಸಿ ಮಾರುವ, ಕಂತುಗಳಲ್ಲಿ ಹಣ ಬರುವ ಪೂಲ್ ಮಾರಾಟದಲ್ಲಿ ಇದು ಎದ್ದು ಕಾಣುತ್ತದೆ. ಅಂದಾಜು ಬೆಲೆಯ ಮೇಲೆ ಪೂರ್ತಿ ಸೆಸ್ಸನ್ನು ಮೊದಲ ಕಂತಿನಲ್ಲೇ ಹಾಕುವುದು ತಂತ್ರಾಂಶದ ಪೂರ್ವನಿಯೋಜಿತ ನಡೆ. ಖರೀದಿದಾರರು ಕಂತಿಗಿಷ್ಟು ಮುರಿಯುವವರಾದರೆ ‘ಪಾವತಿಯ ಮೇಲೆ’ ಎಂದು ಬದಲಿಸದೆ ಗತಿಯಿಲ್ಲ.

ಖಾತೆಗೆ ಹಾಕುವ ವಿಷಯದಲ್ಲಿ ತಂತ್ರಾಂಶಕ್ಕೆ ಪೂರ್ತಿ ಅಂಕ. ಮೇಲಿನ ಉದಾಹರಣೆಯನ್ನು ತೆರಿಗೆ ಬಿಟ್ಟು ನೋಡಿದರೆ, ಬ್ಯಾಂಕಿಗೆ ಬಂದದ್ದು 10,808.62. ಅದನ್ನೇ ಮಾರಾಟ ಎಂದು ಬರೆಯಲು ಇದು ಬಿಡುವುದಿಲ್ಲ. 12,000 ಆದಾಯಕ್ಕೆ ಹೋಗುತ್ತದೆ, 200, 880, 111.38 ಮೂರೂ ತಮ್ಮ ತಮ್ಮ ಖಾತೆಗೆ. ಲಾಭದ ಅಂಕಿ ಎರಡು ರೀತಿಯಲ್ಲೂ ಒಂದೇ, ಆದರೆ ನಿವ್ವಳವನ್ನೇ ಬರೆದರೆ ಟನ್ನಿನ ಸರಾಸರಿ ಬೆಲೆ ಸುಳ್ಳಾಗುತ್ತದೆ, ಮಾರಾಟ ತೆರಿಗೆಯ ಆಧಾರವೂ ಕೆಡುತ್ತದೆ. ಕೈಯಲ್ಲಿ ನಿವ್ವಳ ಮೊತ್ತ ಮಾತ್ರ ಇದ್ದು ಹಿಂದಕ್ಕೆ ಲೆಕ್ಕ ಹಾಕಬೇಕಾದರೆ 10,808.62ನ್ನು 0.9898ರಿಂದ ಭಾಗಿಸಬೇಕು, 10,920 ಬರುತ್ತದೆ. 1.0102ರಿಂದ ಗುಣಿಸಿದರೆ 10,918.87ಕ್ಕೆ ನಿಲ್ಲುತ್ತದೆ. ‘ಹಿಮ್ಮುಖ ಲೆಕ್ಕ’ ಗುಂಡಿ ಭಾಗಾಕಾರವನ್ನೇ ಮಾಡುತ್ತದೆ, ಪರೀಕ್ಷಿಸಿದ್ದೇವೆ.

ಕೊರತೆ ಇರುವುದು ನೇರ ಮಾರಾಟದಲ್ಲಿ. ಸಾಮಾನ್ಯವಾಗಿ ಸೆಸ್ ಮುರಿದು ಕಟ್ಟುವವರು ಮೊದಲ ಖರೀದಿದಾರರು. ಬೆಳೆಗಾರರೇ ಕಾಳನ್ನು ಬೀಸಿ ಹಿಟ್ಟು ಮಾಡಿ ಮಾರಿದರೆ ಕಟ್ಟುವ ಹೊಣೆ ಎಷ್ಟೋ ಕಡೆ ಅವರ ಮೇಲೇ ಬೀಳುತ್ತದೆ. ಅದಕ್ಕೆ ‘ಕಟ್ಟಬೇಕಾದ ಸೆಸ್’ ಎಂಬ ಬಾಕಿ ಖಾತೆ ಬೇಕು, ಇಲ್ಲಿ ಅದನ್ನು ನಾವೇ ತೆರೆದುಕೊಳ್ಳಬೇಕು. ಪಾಲಿಗೆ ಕೊಟ್ಟ ಹೊಲದ ಕಾಳಿಗೂ ಇದೇ ಗತಿ: 60 ಮತ್ತು 40ರ ಪಾಲನ್ನು ತಂತ್ರಾಂಶ ಸೆಸ್ ಕಳೆದ ಮೇಲಿನ ಹಣಕ್ಕೆ ಹಾಕುತ್ತದೆ. ಬಾಡಿಗೆಯನ್ನು ಒಬ್ಬರೇ ಹೊರುವ ಒಪ್ಪಂದವಿದ್ದರೆ ಇಬ್ಬರ ಸೆಸ್ ಆಧಾರವೂ ಬೇರೆಯಾಗುತ್ತದೆ, ಆಗ ಎರಡು ಬಿಲ್ ಮಾಡುವುದೇ ಲೇಸು. ಕೆನಡಾದ ಹಲವು ಪ್ರಾಂತ್ಯಗಳಲ್ಲಿರುವಂತೆ ಅರ್ಜಿ ಹಾಕಿ ಸೆಸ್ ಮರಳಿ ಪಡೆಯುವ ವ್ಯವಸ್ಥೆ ಇರುವವರು, ಬಂದ ಹಣವನ್ನು ಹೊಸ ಆದಾಯ ಎಂದು ಬರೆಯದೆ ಅದೇ ಸೆಸ್ ಖಾತೆಗೆ ಹಿಂದಕ್ಕೆ ಜಮೆ ಮಾಡಲಿ.

ಲೆಕ್ಕಿಗರಿಗೆ ಕಳಿಸಲು ವರದಿಯನ್ನು ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡಾಗ ದರದ ಅಂಕಣ ಪೂರ್ಣಾಂಕವಾಗಿ, 1.02 ಇದ್ದದ್ದು 1% ಎಂದು ಕಾಣುತ್ತದೆ. ಒಳಗಿನ ಅಂಕಿ ಸರಿಯಾಗಿಯೇ ಇರುತ್ತದೆ. ಅಂಕಣ ಆರಿಸಿ ದಶಮಾಂಶ ಎರಡು ಸ್ಥಾನ ಹೆಚ್ಚಿಸಿ ಕಳಿಸಿ.