ಅಳಿಯಸಂತಾನದ ಒಂದು ಪ್ರಶ್ನೆ, ಮೂರು ಕಡೆ ಹುಡುಕಾಟ

ಉಡುಪಿ ಕೋರ್ಟಿನಲ್ಲಿ ನನ್ನ ಕೈಗೆ ಬರುವುದು ಹೆಚ್ಚಾಗಿ ಪಾಲಿನ ದಾವೆ, ಮೂಲಗೇಣಿ (ಕಾಯಂ ಗೇಣಿ) ತಕರಾರು. ಕಳೆದ ಮಳೆಗಾಲದಲ್ಲಿ ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ) ಕುಟುಂಬವೊಂದರ ದಾವೆಗೆ ತಯಾರಿ ನಡೆಸುವಾಗ ಒಂದೇ ಪ್ರಶ್ನೆಯನ್ನು ಮೂರು ಕಡೆ ಹುಡುಕಿದೆ: ನಿಸ್ಸಂತತಿ ಕವರಿನವರು (ಸಂತತಿ ಮುಂದುವರಿಸುವ ಹೆಣ್ಣಿಲ್ಲದ ಕವಲಿನವರು) ತೀರಿಕೊಂಡರೆ ಅವರ ಪಾಲು ಅವರ ವಾರಸುದಾರರಿಗೋ, ಕುಟುಂಬಕ್ಕೋ? ತೀರ್ಪುಗಳು ಪುಕ್ಕಟೆ ಸಿಗುವ ಇಂಡಿಯನ್ ಕಾನೂನ್ ಜಾಲತಾಣ, ಸುಪ್ರೀಂ ಕೋರ್ಟಿನದೇ ತಾಣ ಇ-ಎಸ್‌ಸಿಆರ್, ಮತ್ತೆ ನಾನು ವರ್ಷದ ಚಂದಾ ಕಟ್ಟಿದ್ದ ತೀರ್ಪುಗಳ ಒಂದು ಡೇಟಾಬೇಸ್.

ಮೊದಲ ದಿನ ನೇರವಾಗಿ ಚಂದಾದ ಡೇಟಾಬೇಸಿಗೇ ಹೋದೆ. ಎರಡೂವರೆ ಗಂಟೆ ಹೋಯಿತು. ತೊಡಕು ಕಾಗುಣಿತದಲ್ಲಿತ್ತು. ಇಂಗ್ಲಿಷ್ ತೀರ್ಪುಗಳಲ್ಲಿ ಅಳಿಯಸಂತಾನವನ್ನು ಕೆಲವರು ಒಂದೇ ಪದವಾಗಿ ಬರೆದಿದ್ದಾರೆ, ಕೆಲವರು ಬಿಡಿಸಿ, ಕೆಲವರು ‘ತ’ಕಾರಕ್ಕೆ ‘ಎಚ್’ ಸೇರಿಸಿ. ಸೌತ್ ಕೆನರಾ ಒಂದು ಕಡೆ ‘ಸಿ’ಯಿಂದ, ಇನ್ನೊಂದು ಕಡೆ ‘ಕೆ’ಯಿಂದ. ಮೂಲಗೇಣಿಗೂ ಇದೇ ಪಾಡು. ಒಂದು ರೂಪ ಹಾಕಿದರೆ ಅರ್ಧ ತೀರ್ಪುಗಳು ಕಣ್ಣಿಗೇ ಬೀಳುವುದಿಲ್ಲ.

ಇಂಡಿಯನ್ ಕಾನೂನ್‌ನಲ್ಲಿ ಎಲ್ಲ ರೂಪಗಳನ್ನೂ ಒಟ್ಟಿಗೆ ಹಾಕಿದೆ. ‘ಅಥವಾ’ ಎನ್ನಲು ಅಲ್ಲಿ ಇಂಗ್ಲಿಷಿನ ‘ಆರ್’ ಪದಕ್ಕೆ ಕೊನೆಯಲ್ಲಿ ಇನ್ನೊಂದು ‘ಆರ್’ ಅಕ್ಷರ ಸೇರಿಸಿ ದೊಡ್ಡಕ್ಷರದಲ್ಲಿ (ORR) ಬರೆಯಬೇಕು. ಹತ್ತು ನಿಮಿಷದೊಳಗೆ ಸುಂದರಿ ವಿರುದ್ಧ ಲಕ್ಷ್ಮಿ (ಎಐಆರ್ 1980 ಎಸ್‌ಸಿ 198) ಸಿಕ್ಕಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 7(2)ನೇ ಕಲಂ ಅಳಿಯಸಂತಾನಕ್ಕೆ ಹೇಗೆ ಅನ್ವಯಿಸುತ್ತದೆಂದು ವಿವರಿಸುವ ತೀರ್ಪು ಅದು. ಅದನ್ನು ಉಲ್ಲೇಖಿಸಿದ ಮುಂದಿನ ತೀರ್ಪುಗಳ ಪಟ್ಟಿಯೂ ಅಲ್ಲೇ ಇತ್ತು.

ಇ-ಎಸ್‌ಸಿಆರ್ 2023ರಲ್ಲಿ ಶುರುವಾದದ್ದು. ಸುಪ್ರೀಂ ಕೋರ್ಟ್ ಮಾತ್ರ. ಆದರೆ ಅಧಿಕೃತ ವರದಿ, ಹೆಡ್‌ನೋಟ್ (ತೀರ್ಪಿನ ಮೇಲಿನ ಸಾರಾಂಶ) ಸಮೇತ, ಉಚಿತ. ಕೋರ್ಟಿಗೆ ಕೊಡುವ ಪ್ರತಿಯನ್ನು ಈಗ ಅಲ್ಲಿಂದಲೇ ತೆಗೆಯುತ್ತೇನೆ.

ಹಾಗಾದರೆ ದುಡ್ಡು ಕೊಡುವುದು ಯಾತಕ್ಕೆ? ತೀರ್ಪಿನ ಮೂಲ ಪಠ್ಯಕ್ಕಂತೂ ಅಲ್ಲ. ಅದು ಯಾರ ಸ್ವತ್ತೂ ಅಲ್ಲವೆಂಬುದು ಸುಪ್ರೀಂ ಕೋರ್ಟಿನ 2007ರ ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಮೋಡಕ್ ಪ್ರಕರಣದಲ್ಲೇ ಸ್ಪಷ್ಟವಾಗಿದೆ. ಕೊಡುವುದು ಸಂಪಾದಕರ ದುಡಿಮೆಗೆ: ಹೆಡ್‌ನೋಟ್, ವಿಷಯವಾರು ವಿಂಗಡಣೆ, ತೀರ್ಪನ್ನು ಮುಂದಿನ ತೀರ್ಪು ತಳ್ಳಿಹಾಕಿತೇ (ಓವರ್‌ರೂಲ್) ಎಂಬ ಸೂಚನೆ. ನಮ್ಮ ಕರಾವಳಿಯವರಿಗೆ ಇನ್ನೊಂದು ಕಾರಣವೂ ಇದೆ. 1956ರ ನವೆಂಬರ್ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕವರು, ಯಜಮಾನಿಕೆ, ಗೇಣಿ ಕುರಿತ ಹಳೆಯ ತೀರ್ಪುಗಳೆಲ್ಲ ಮದ್ರಾಸ್ ಹೈಕೋರ್ಟಿನವು. ಅವುಗಳಲ್ಲಿ ಎರಡು ನನಗೆ ಸಿಕ್ಕಿದ್ದು ಚಂದಾದ ಡೇಟಾಬೇಸಿನಲ್ಲೇ. ಆ ಎರಡಕ್ಕೇ ಕಟ್ಟಿದ ಹಣ ಸಾರ್ಥಕ ಅನ್ನಿಸಿತು.

ಆದ್ದರಿಂದ ಕ್ರಮ ಬದಲಿಸಿದೆ. ಹುಡುಕಾಟವೆಲ್ಲ ಪುಕ್ಕಟೆ ಕಡೆ; ಸೈಟೇಶನ್‌ಗಳನ್ನು (ತೀರ್ಪಿನ ವರ್ಷ, ಪುಟದ ಗುರುತು) ಕಾಗದದಲ್ಲಿ ಬರೆದುಕೊಂಡ ಮೇಲೆ ಚಂದಾದ ಕಡೆಗೆ. ಅಲ್ಲಿ ಈಗ ಇಪ್ಪತ್ತೈದು ನಿಮಿಷ ಸಾಕು. ಚಂದಾ ನವೀಕರಿಸುವಾಗ, ವರ್ಷವಿಡೀ ಒಮ್ಮೆಯೂ ತೆರೆಯದ ತೆರಿಗೆ ಟ್ರಿಬ್ಯುನಲ್‌ಗಳನ್ನು ತೆಗೆಸಿ, ಸುಪ್ರೀಂ ಕೋರ್ಟ್, ಕರ್ನಾಟಕ, ಮದ್ರಾಸ್ ಮಾತ್ರ ಸಾಕೆಂದೆ. ಬಿಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ.

ವರ್ಷಕ್ಕೆ ಇಂಥ ಒಂದೆರಡೇ ದಾವೆ ನಡೆಸುವ ಜೂನಿಯರ್‌ಗಳು ಸ್ವಂತ ಚಂದಾ ಕಟ್ಟುವುದೇ ಬೇಡ. ಬಾರ್ ಲೈಬ್ರರಿಯ ಕಂಪ್ಯೂಟರಿನಲ್ಲಿ ಡೇಟಾಬೇಸ್ ಇದ್ದರೆ, ಸೈಟೇಶನ್ ಪಟ್ಟಿ ಹಿಡಿದು ಸಂಜೆ ಕಲಾಪ ಮುಗಿದ ಮೇಲೆ ಹೋಗಿ. ಆಗ ಅಲ್ಲಿ ಸಾಲು ಇರುವುದಿಲ್ಲ.