‘ಹಳೇ ಇಂಗ್ಲೆಂಡ್ ವಾಲ್ವ್’ ಅಂತ 14,000 ರೂಪಾಯಿ ಕೊಟ್ಟೆ: ಗಿಟಾರ್ ಆಂಪ್ ಇರುವವರು ಓದಿ

ಇದನ್ನು ಬರೆಯೋದಕ್ಕೆ ಮೂರು ವಾರ ಹಿಂದೆಮುಂದೆ ನೋಡಿದೆ. ನಾಚಿಕೆ ಆಗುತ್ತಿತ್ತು. ಆದರೆ ಬೆಂಗಳೂರಿನಲ್ಲಿ ವಾಲ್ವ್ ಆಂಪ್ (ವಾಲ್ವ್ ಅನ್ನುವ ಗಾಜಿನ ನಳಿಕೆಗಳಿಂದ ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಇಟ್ಟುಕೊಂಡವರು ಕಡಿಮೆ, ಹಳೇ ವಾಲ್ವ್ ಮಾರುವವರು ಇನ್ನೂ ಕಡಿಮೆ. ನನಗೆ ಮಾರಿದವನೇ ನಾಳೆ ನಿಮ್ಮ ಹತ್ತಿರವೂ ಬರುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ವಾಕ್ಸ್ ಎಸಿ15 ಆಂಪ್. ಸ್ಪೀಕರ್ ನಡೆಸುವ ಪವರ್ ಭಾಗಕ್ಕೆ ಎರಡು ಇಎಲ್84 ವಾಲ್ವ್, ಗಿಟಾರ್ ಸದ್ದನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ ಭಾಗಕ್ಕೆ ಮೂರು 12ಎಎಕ್ಸ್7. ಆರು ವರ್ಷದಿಂದ ಅದೇ ವಾಲ್ವ್‌ಗಳು. ಈಚೆಗೆ ಸದ್ದು ಮಂಕಾಗಿತ್ತು. ಜೋರಾಗಿ ಬಾರಿಸಿದರೆ ದಪ್ಪ ತಂತಿಯ ಸ್ವರ ಕಲಸಿಹೋಗುತ್ತಿತ್ತು. ಇಎಲ್84 ಜೋಡಿ ಬದಲಿಸುವ ಸಮಯ ಬಂದಿದೆ ಅಂತ ಗೊತ್ತಾಯಿತು. ಸ್ಲೊವಾಕಿಯಾದ ಹೊಸ ಜೆಜೆ ಜೋಡಿ ನಾಲ್ಕೂವರೆ ಸಾವಿರಕ್ಕೆ ಸಿಗುತ್ತಿತ್ತು. ಸುಮ್ನೆ ಅದನ್ನು ತಗೋಬೇಕಿತ್ತು. ತಗೊಳ್ಳಲಿಲ್ಲ.

ಪರಿಚಯದವರೊಬ್ಬರು ಹಳೇ ವಾಲ್ವ್ ಮಾರುವವನೊಬ್ಬನ ನಂಬರ್ ಕೊಟ್ಟರು. ಅವನ ಹತ್ತಿರ ಮಲ್ಲಾರ್ಡ್ ಅನ್ನುವ ಹಳೇ ಇಂಗ್ಲಿಷ್ ಕಂಪನಿಯ ಇಎಲ್84 ಇದೆಯಂತೆ, ಎನ್‌ಒಎಸ್ ಅಂತೆ. ಅಂದರೆ ಆ ಕಾಲದಲ್ಲೇ ತಯಾರಾಗಿ, ಬಳಸದೆ ಉಳಿದ ಸರಕು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು. ಅಲ್ಲಿ ವಾಲ್ವ್ ಮಾಡೋದು ನಿಂತು ದಶಕಗಳೇ ಆಗಿವೆ. ಆ ಹೆಸರು ಕೇಳಿದರೆ ನಮ್ಮಂಥವರ ಮನಸ್ಸು ಕರಗುತ್ತೆ, ಅಲ್ವಾ? ಅದು ಅವನಿಗೆ ಚೆನ್ನಾಗಿ ಗೊತ್ತು.

ಎಸ್‌ಪಿ ರೋಡ್ ಹತ್ತಿರ ಒಂದು ದರ್ಶಿನಿ ಮುಂದೆ ಭೇಟಿ. ಚೀಲದಿಂದ ಎರಡು ಬಾಕ್ಸ್ ತೆಗೆದ. ಬಾಕ್ಸ್ ಮೇಲೆ ಪೆನ್ನಿನಲ್ಲಿ 47, 48 ಅಂತ ಬರೆದಿತ್ತು. ‘ಮ್ಯಾಚ್ಡ್ ಪೇರ್ ಸರ್, ಎರಡೂ ಮಿಲಿಯಾಂಪ್ ಲೆಕ್ಕದಲ್ಲಿ ಒಂದೇ’ ಅಂದ. ಅಂದರೆ ಎರಡೂ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಒಂದೇ. ಗಾಜಿನ ಮೇಲೆ ಬಿಳಿ ಅಕ್ಷರ ಪಳಪಳ ಅನ್ನುತ್ತಿತ್ತು. ಪಿನ್ನುಗಳಲ್ಲಿ ಮಾತ್ರ ಗೀರು ಇತ್ತು. ನಾನು ಅದನ್ನು ನೋಡಿದೆ. ಕೇಳಿಯೂ ಕೇಳಿದೆ. ‘ಟೆಸ್ಟ್ ಮಾಡೋವಾಗ ಒಂದೆರಡು ಸಲ ಹಾಕಿ ತೆಗೆದಿದ್ದೀನಿ ಸರ್, ಟೆಸ್ಟ್ ಮಾಡದೆ ಕೊಡಲಾ?’ ಅಂದ. ಸರಿ ಅನ್ನಿಸಿತು. ‘ಕೊನೇ ಜೋಡಿ ಸರ್, ಚೆನ್ನೈನವರೊಬ್ಬರು ಕಾಯ್ತಾ ಇದ್ದಾರೆ’ ಅಂದ. ನಿಂತಲ್ಲೇ 14,000 ರೂಪಾಯಿ ಯುಪಿಐ ಮಾಡಿದೆ. ಬಿಲ್ ಇಲ್ಲ, ಏನೂ ಇಲ್ಲ.

ಮನೆಗೆ ಬಂದು ಹಾಕಿದೆ. ಮೊದಲ ಹದಿನೈದು ನಿಮಿಷ ಸೊಗಸಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಗುಂಯ್ ಅಂತ ಹಮ್ ಶುರುವಾಯಿತು. ಏನೋ ಸುಟ್ಟ ವಾಸನೆ. ಹಿಂದಿನಿಂದ ಬಗ್ಗಿ ನೋಡಿದೆ. ಒಂದು ವಾಲ್ವ್‌ನ ಒಳಗಿನ ಲೋಹದ ತಗಡು, ಅಂದರೆ ಆನೋಡ್, ನಡುವಿನಲ್ಲಿ ಕೆಂಡದ ಹಾಗೆ ಕೆಂಪಾಗಿತ್ತು. ಓಡಿ ಹೋಗಿ ಸ್ವಿಚ್ ಆರಿಸಿದೆ. ಕೈ ನಡುಗುತ್ತಿತ್ತು.

ಅವನಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ ನೋಡಿ: ‘ಸರ್ ವಾಲ್ವ್ ಪಕ್ಕಾ ಇದೆ. ನಿಮ್ಮ ಆಂಪ್‌ದೇ ಪ್ರಾಬ್ಲಂ. ಬಯಾಸ್ ಸೆಟ್ ಮಾಡಿಸಿದ್ರಾ?’ ನಾನು ಗಾಬರಿಯಾಗಿ, ‘ಇಲ್ಲ, ಸಾರಿ, ಮಾಡಿಸ್ತೀನಿ’ ಅಂತ ಬರೆದೆ. ಮೋಸ ಹೋದವನು ನಾನು, ಕ್ಷಮೆ ಕೇಳಿದವನೂ ನಾನು! ಬಯಾಸ್ ಅಂದರೆ ವಾಲ್ವ್ ಸುಮ್ಮನಿರುವಾಗ ಎಷ್ಟು ಕರೆಂಟ್ ಎಳೆಯಬೇಕು ಅನ್ನುವ ಹೊಂದಾಣಿಕೆ. ಎಸಿ15ನಲ್ಲಿ ಇರುವುದು ಕ್ಯಾಥೋಡ್ ಬಯಾಸ್ ಅನ್ನುವ ಬಗೆ. ಅದರಲ್ಲಿ ತಿರುಗಿಸಿ ಸೆಟ್ ಮಾಡುವಂಥದ್ದು ಏನೂ ಇಲ್ಲ. ಅದು ಅವನಿಗೆ ಗೊತ್ತಿಲ್ಲದೆ ಇರುತ್ತಾ?

ಮರುದಿನ ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಎರಡನ್ನೂ ಹಿಡಿದುಕೊಂಡು ಹೋದೆ. ಅವರ ಹತ್ತಿರ ಟೆಸ್ಟರ್ ಇದೆ. ಒಂದು 51 ಮಿಲಿಯಾಂಪ್ ತೋರಿಸಿತು, ಇನ್ನೊಂದು 33. ಮ್ಯಾಚ್ಡ್ ಪೇರ್ ಅಂತೆ! ಕೆಂಪಾಗಿದ್ದು ಆ 51ರದ್ದೇ. ಗ್ಯಾಸ್ ಟೆಸ್ಟ್‌ನಲ್ಲೂ ಅದು ಫೇಲ್. ‘ನೋಡಪ್ಪಾ, ಇದರ ಒಳಗೆ ನಿರ್ವಾತ ಕೆಟ್ಟಿದೆ. ಬಿಸಿ ಆದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತೆ, ಕರೆಂಟ್ ಎಳೆದಷ್ಟೂ ಇನ್ನೂ ಬಿಸಿ’ ಅಂದರು. ಗಾಜಿನ ತಲೆಯ ಮೇಲಿನ ಬೆಳ್ಳಿ ಬಣ್ಣದ ಮಚ್ಚೆಯ ಅಂಚು ಕಂದಿಹೋಗಿದ್ದನ್ನು ತೋರಿಸಿದರು. ಎರಡೂ ಎಷ್ಟೋ ವರ್ಷ ಯಾವುದೋ ರೇಡಿಯೋದಲ್ಲಿ ದುಡಿದು ಬಂದವು.

ಆಮೇಲೆ ಅವರು ಒದ್ದೆ ಬಟ್ಟೆಯಿಂದ ಮಲ್ಲಾರ್ಡ್ ಅನ್ನುವ ಬಿಳಿ ಹೆಸರನ್ನು ಒರೆಸಿದರು. ಒಂದೇ ಒರೆಸಿಗೆ ಹೋಯಿತು. ನಿಜವಾದ ಹಳೇ ವಾಲ್ವ್‌ನಲ್ಲೂ ಆ ಪ್ರಿಂಟ್ ಸುಲಭವಾಗಿ ಹೋಗುತ್ತೆ, ಅದೊಂದೇ ಸಾಕ್ಷಿ ಅಲ್ಲ ಅಂತ ಅವರೇ ಹೇಳಿದರು. ಗಾಜನ್ನು ಬಾಯಿ ಹತ್ತಿರ ತಂದು ‘ಹಾ’ ಅಂತ ಉಸಿರು ಬಿಟ್ಟರು. ಗಾಜು ಮಂಜಾಯಿತು. ಆ ಮಂಜಿನಲ್ಲಿ ಮೂರು ಅಕ್ಷರ ಎದ್ದು ಬಂತು. ಬಿ, ಇ, ಎಲ್. ಎರಡು ಕ್ಷಣ ಕಂಡು ಮಾಯವಾಯಿತು. ಮತ್ತೆ ‘ಹಾ’ ಅಂದರು. ಮತ್ತೆ ಬಂತು. ಬಿಇಎಲ್.

ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ನಮ್ಮಪ್ಪ ಬಿಇಎಲ್‌ನಲ್ಲಿ, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ, 31 ವರ್ಷ ಕೆಲಸ ಮಾಡಿದವರು. 1954ರಲ್ಲಿ ಶುರುವಾದ ಕಂಪನಿ ಅದು. 1960ರ ದಶಕದಲ್ಲಿ ಫಿಲಿಪ್ಸ್ ಸಹಯೋಗದಲ್ಲಿ ಇಲ್ಲೇ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವ್ ಮಾಡುತ್ತಿದ್ದರು. ಒಳ್ಳೇ ವಾಲ್ವ್‌ಗಳು. ಬಳಸದ ಬಿಇಎಲ್ ಜೋಡಿ ಅಂತ ನಿಜ ಹೇಳಿ ಕೊಟ್ಟಿದ್ದರೆ ಖುಷಿಯಿಂದ ತಗೊಳ್ಳುತ್ತಿದ್ದೆ. ನಮ್ಮೂರಿನ ಕೈಗಳು ಮಾಡಿದ ವಸ್ತುವಿನ ಹೆಸರು ಅಳಿಸಿ, ಅದರ ಮೇಲೆ ಇಂಗ್ಲೆಂಡಿನ ಹೆಸರು ಬಳಿದು, ನಮ್ಮೂರಿನವನಿಗೇ ಮಾರಿದ್ದಾನೆ. ದುಡ್ಡಿಗಿಂತ ಇದು ಜಾಸ್ತಿ ಉರಿಯುತ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಫೋನ್ ಮಾಡಿದೆ. ಮೊದಲು ‘ಪ್ರಿಂಟ್ ಹೋಗೋದು ಕಾಮನ್ ಸರ್’ ಅಂದ. ಬಿಇಎಲ್ ಅಂತ ಕಾಣಿಸಿತು ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮಲ್ಲಾರ್ಡ್ ಕೂಡ ಫಿಲಿಪ್ಸ್‌ದೇ ಸರ್, ಎರಡೂ ಒಂದೇ ಮಾಲು’ ಅಂದ. ಮಲ್ಲಾರ್ಡ್ 1920ರ ದಶಕದಿಂದಲೇ ಫಿಲಿಪ್ಸ್ ಕೈಯಲ್ಲಿತ್ತು, ಅದು ನಿಜ. ಎರಡೂ ಒಂದೇ ಆದರೆ ಹೆಸರು ಯಾಕೆ ಅಳಿಸಿದೆ ಅಂತ ಕೇಳಿದೆ. ‘ನಾನು ಅಳಿಸಿಲ್ಲ, ನನಗೆ ಬಂದಿದ್ದೇ ಹಾಗೆ. ನೋ ರಿಟರ್ನ್ ಅಂತ ಮೊದಲೇ ಹೇಳಿದ್ದೆ’ ಅಂದ. ಹೇಳಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹೇಳಿರಲಿಲ್ಲ. ಆವತ್ತು ಸಂಜೆಯೇ ನನ್ನ ನಂಬರ್ ಬ್ಲಾಕ್. ಆಂಪ್‌ನಲ್ಲಿ ಸುಟ್ಟ ರೆಸಿಸ್ಟರ್ ಬದಲಿಸಲು ಇನ್ನೂ 1,800 ಹೋಯಿತು.

ಹಳೇ ಮಲ್ಲಾರ್ಡ್ ಬೇಕೇ ಬೇಕು ಅನ್ನುವವರು ಗಾಜಿನ ಕೆಳಭಾಗ ನೋಡಿ. ಬೂದು ಬಣ್ಣದಲ್ಲಿ ಕೊರೆದ ಹಾಗೆ ಸಣ್ಣ ಕೋಡ್ ಇರಬೇಕು. ಎರಡನೇ ಸಾಲು ಬಿ ಅಕ್ಷರದಿಂದ ಶುರುವಾದರೆ ಬ್ಲ್ಯಾಕ್‌ಬರ್ನ್. ನನ್ನವುಗಳಲ್ಲಿ ಆ ಕೋಡೇ ಇರಲಿಲ್ಲ. ಕೊಳ್ಳುವಾಗ ಇದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಮಲ್ಲಾರ್ಡ್ ಹೆಸರಿನ ಹೊಸ ವಾಲ್ವ್ ಸಿಗುತ್ತೆ, ಅದು ರಷ್ಯಾದ ಸರಾತೊವ್‌ನಲ್ಲಿ ತಯಾರಾಗೋದು. ಹೆಸರಿನ ಹಕ್ಕು ಕೊಂಡು ಮಾಡುತ್ತಾರೆ, ಅದು ಮೋಸ ಅಲ್ಲ. ಆದರೆ ಅದನ್ನು ಹಳೇದು ಅಂತ ಯಾರಾದರೂ ಕೊಟ್ಟರೆ ತಗೋಬೇಡಿ. ಟೆಸ್ಟರ್ ಇರುವ ಜಾಗಕ್ಕೇ ಕರೆಸಿ, ಕಣ್ಣೆದುರು ಅಳೆಸಿ, ಆಮೇಲೆ ದುಡ್ಡು ಕೊಡಿ. ಬರಲ್ಲ ಅಂದರೆ ಬಿಟ್ಟುಬಿಡಿ. ಹೊಸ ವಾಲ್ವ್ ಹಾಕಿದ ಮೊದಲ ಅರ್ಧ ಗಂಟೆ ಆಂಪ್ ಬಿಟ್ಟು ಕದಲಬೇಡಿ. ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತೆ, ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತೆ. ಚಾಸಿ, ಅಂದರೆ ಒಳಗಿನ ಲೋಹದ ಚೌಕಟ್ಟು, ಬಿಚ್ಚಿ ಕೈ ಹಾಕಬೇಡಿ.

ಈಗ ಆಂಪ್‌ನಲ್ಲಿ ಜೆಜೆ ಇದೆ. ಚೆನ್ನಾಗಿದೆ. ಆ 33ರ ಬಿಇಎಲ್ ವಾಲ್ವ್ ಅನ್ನು ಹಿರಿಯರಿಗೇ ಕೊಟ್ಟೆ, ರೇಡಿಯೋಗೆ ಇನ್ನೂ ಸಾಕು ಅಂದರು.

ಮೊನ್ನೆ ಗೆಳೆಯನ ಫೋನಿನಲ್ಲಿ ಒಂದು ಫೋಟೋ ಕಂಡಿತು. ಅದೇ ಥರದ ಬಾಕ್ಸ್, ಅದೇ ಪೆನ್ನಿನ ಬರಹ, 47, 48. ಕೆಳಗೆ ‘ಕೊನೇ ಜೋಡಿ, ಬೇಗ ಹೇಳಿ’ ಅಂತ ಇತ್ತು. ಅದೇ ನಂಬರ್. ತಗೋಬೇಡಿ.